ವೈಫೈ ಅಲೆಗೆ ಅಡ್ಡ ಬರುವ ಮೈ

ಒಂದೇ ಕೋಣೆಯಲ್ಲಿ ಆರೆಂಟು ಮಂದಿ ಕೂಡಿ ಬಾಳುವ ನಮ್ಮವರಿಗೆ ಇದು ಹೊಸ ಅನುಭವವಲ್ಲ. ಹಗಲು ಕೋಣೆ ಖಾಲಿಯಿದ್ದಾಗ ವೈಫೈ ಚೆನ್ನಾಗಿ ನಡೆಯುತ್ತದೆ. ರಾತ್ರಿ ಎಲ್ಲರೂ ಕೆಲಸದಿಂದ ಬಂದ ಮೇಲೆ ಮೂಲೆಯವನು ಊರಿಗೆ ಮಾತನಾಡಲು ಕುಳಿತರೆ ತಾಯಿಯ ಮಾತು ಅರ್ಧದಲ್ಲೇ ತುಂಡಾಗುತ್ತದೆ. ಸಿನಿಮಾ ನೋಡುತ್ತಿರುವ ಜತೆಗಾರನ ಮೇಲೆ ಸಿಡುಕು ಹುಟ್ಟುತ್ತದೆ. ಆ ದೂರು ಕೆಲವು ಸಲ ನಿಜ. ಆದರೆ ಯಾರೂ ಫೋನ್ ಮುಟ್ಟದೆ ಸುಮ್ಮನೆ ಕುಳಿತಿದ್ದರೂ ಅಲೆ ಕುಗ್ಗಬಹುದು; ಮನುಷ್ಯನ ಮೈಯೇ ಅದಕ್ಕೊಂದು ತಡೆ.

ಇದರ ಕಾರಣವನ್ನು ವಿಚಾರಿಸೋಣ. ನಮ್ಮ ಮೈತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ನೀರು. ಅದೂ ಉಪ್ಪು ಬೆರೆತ ನೀರು. ನೀರಿನ ಅಣುವಿನ ಒಂದು ಬದಿ ಧನವಿದ್ಯುತ್ತಿನದು, ಇನ್ನೊಂದು ಬದಿ ಋಣವಿದ್ಯುತ್ತಿನದು. ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವ ವೈಫೈ ಅಲೆ ತಾಕಿದಾಗ ಈ ಅಣುಗಳು ಅದರೊಡನೆ ಹೊರಳಲು ಹೆಣಗುತ್ತವೆ. ಉಪ್ಪಿನ ಕಣಗಳೂ ಅತ್ತಿತ್ತ ಸರಿಯುತ್ತವೆ. ಹೀಗೆ ಅಲೆಯ ಶಕ್ತಿ ಶಾಖವಾಗಿ ಕರಗಿಹೋಗುತ್ತದೆ. ಇದಕ್ಕೆ ಹೆದರಬೇಕಾಗಿಲ್ಲ. ಮನೆಯ ರೌಟರ್ ಸೂಸುವ ಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟಿನ ಹತ್ತನೆಯ ಪಾಲಿನಷ್ಟು. ಆ ಶಾಖ ಮೈಗೆ ತಿಳಿಯುವಷ್ಟಲ್ಲ.

ಹಳೆಯ ರೇಡಿಯೋಗೆ ಈ ತೊಡಕು ಏಕಿರಲಿಲ್ಲ? ಮೀಡಿಯಂ ವೇವ್ ಅಲೆಯ ಉದ್ದ ನೂರಾರು ಮೀಟರ್. ಅದರ ಮುಂದೆ ಮನುಷ್ಯ ಹೊಳೆಯಲ್ಲಿ ನೆಟ್ಟ ಕಡ್ಡಿಯಂತೆ. ಈ ವೈಫೈ ಅಲೆಯಾದರೋ ಸುಮಾರು 12 ಸೆಂಟಿಮೀಟರ್, ಒಂದು ಗೇಣಿಗಿಂತ ಗಿಡ್ಡ. ಅದಕ್ಕೆ ನಮ್ಮ ಎದೆ ದೊಡ್ಡ ಬಂಡೆಯೇ ಸರಿ. ಆದರೂ ಗೋಡೆ, ಛಾವಣಿಗಳಿಂದ ಪುಟಿದು ಬರುವ ಅಲೆಗಳು ಇರುವುದರಿಂದ ಮಾತು ಪೂರ್ತಿ ನಿಂತುಹೋಗುವುದು ಕಡಿಮೆ.

ವಾಚಕರು ತಾವೇ ಪರೀಕ್ಷಿಸಬಹುದು. ರೌಟರಿನಿಂದ ತುಸು ದೂರದಲ್ಲಿ ಅದಕ್ಕೆ ಮುಖಮಾಡಿ ನಿಂತು ಫೋನನ್ನು ಎದೆಯ ಮುಂದೆ ಹಿಡಿಯಿರಿ. ಬಳಿಕ ಹಾಗೆಯೇ ಬೆನ್ನು ತಿರುಗಿಸಿ ಸ್ವಲ್ಪ ಹೊತ್ತು ಕಾಯಿರಿ. ಫೋನಿನ ಮೇಲಿನ ವೈಫೈ ಗೆರೆಗಳು ಇಳಿದರೆ ಮೈಯ ತಡೆ ಕಣ್ಣಿಗೇ ಕಂಡಂತಾಯಿತು. ಗೆರೆಗಳು ತುಂಬಿದ್ದರೂ ಮಾತು ಕಡಿಯುತ್ತಿದ್ದರೆ, ಒಂದೇ ಸಂಪರ್ಕವನ್ನು ಹಲವರು ಹಂಚಿಕೊಂಡಿರುವುದು ಕಾರಣವಿರಬಹುದು.

ಆದುದರಿಂದ ರೌಟರನ್ನು ನೆಲದ ಮೇಲೆ, ಟ್ರಂಕಿನ ಹಿಂದೆ ಇಡಬೇಡಿ. ಕುಳಿತವರ, ನಿಂತವರ ತಲೆಗಿಂತ ಎತ್ತರದಲ್ಲಿ ಹಲಗೆ ಹೊಡೆದು ಇಡಿ. ಮೂಲೆಯವನು ಗೋಡೆಗೆ ಮುಖಮಾಡದೆ ಅದರ ಕಡೆಗೆ ತಿರುಗಿ ಕುಳಿತುಕೊಳ್ಳಲಿ. ಹೆಚ್ಚು ಖರ್ಚಿಲ್ಲದೆ ಊರಿನ ಮಾತು ಕಿವಿಗೆ ಬೀಳುತ್ತದೆ. ಜತೆಗಾರನೊಡನೆ ಜಗಳವೂ ತಪ್ಪುತ್ತದೆ.