ಟ್ರೇಲರ್ ಕೊಳ್ಳುವ ಮುಂಚೆ



ಈಗ ನಮ್ಮ ಹಳ್ಳಿಗಳಿಗೆ ಸಣ್ಣ ಟ್ರ್ಯಾಕ್ಟರುಗಳು ಬಂದಿವೆ. 15, 18, 20 ಅಶ್ವಶಕ್ತಿಯವು. ಅಡಿಕೆ ಸಾಲಿನ ನಡುವೆ ತೂರಿಕೊಂಡು ಹೋಗುತ್ತವೆ. ರಾಗಿ ಹೊಲ ಉಳುತ್ತವೆ. ಕೆಲವು ಕಡೆ ಮಹಿಳಾ ಸಂಘದವರೇ ಸೇರಿ, ಸಾಲ ಮಾಡಿ, ತಗೊಂಡಿದ್ದಾರೆ. ಟ್ರ್ಯಾಕ್ಟರ್ ಬಂತು ಅಂದರೆ ಮುಂದಿನ ಮಾತು ಟ್ರೇಲರಿನದು. ಗೊಬ್ಬರ ಸಾಗಿಸಬೇಕು. ಭತ್ತದ ಮೂಟೆ ತರಬೇಕು. ಹುಲ್ಲು, ಸೌದೆ, ಇಟ್ಟಿಗೆ, ಮರಳು ಎಲ್ಲಕ್ಕೂ ಅದು ಬೇಕು.

"ಹೆಂಗೂ ದುಡ್ಡು ಹಾಕ್ತೀರಿ, ದೊಡ್ಡದೇ ತಗೊಳ್ಳಿ" ಅಂತ ಎಲ್ಲರೂ ಹೇಳ್ತಾರೆ. ಮಾರೋನೂ ಹೇಳ್ತಾನೆ, ಅಣ್ಣತಮ್ಮಂದಿರೂ ಹೇಳ್ತಾರೆ. ನನಗೆ ಈ ಮಾತು ಒಪ್ಪಿಗೆ ಇಲ್ಲ. ಭಾರವನ್ನು ಎಳೆಯೋದು ಬೇರೆ, ನಿಲ್ಲಿಸೋದು ಬೇರೆ. ಸಣ್ಣ ಟ್ರ್ಯಾಕ್ಟರ್ ದೊಡ್ಡ ಭಾರವನ್ನು ನಿಧಾನವಾಗಿ ಎಳೆದುಕೊಂಡು ಹೋಗಿಬಿಡುತ್ತೆ. ಇಳಿಜಾರಿನಲ್ಲಿ ಅದನ್ನು ನಿಲ್ಲಿಸೋಕೆ ಆಗುತ್ತಾ? ಟ್ರೇಲರ್ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು.

ತೂಕದ ಲೆಕ್ಕ ಮಾಡೋಣ. ಕೂಡುವುದು, ಕಳೆಯುವುದು, ಗುಣಿಸುವುದು ನಿಮಗೆ ಈಗ ಬರುತ್ತದೆ.

ಒಂದು ಟ್ರೇಲರಿನ ತೊಟ್ಟಿ 8 ಅಡಿ ಉದ್ದ, 5 ಅಡಿ ಅಗಲ, ಒಂದೂವರೆ ಅಡಿ ಎತ್ತರ ಇದೆ ಅನ್ನಿ. 8ನ್ನು 5ರಿಂದ ಗುಣಿಸಿದರೆ 40. ಒಂದು ಅಡಿ ಎತ್ತರಕ್ಕೆ 40, ಇನ್ನರ್ಧ ಅಡಿಗೆ 20. ಒಟ್ಟು 60 ಘನ ಅಡಿ. ಒಂದು ಘನ ಅಡಿ ಅಂದರೆ ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಅಡಿ ಇರುವ ಪೆಟ್ಟಿಗೆ.

ಈ ತೊಟ್ಟಿಗೆ ಭತ್ತ ತುಂಬಿದರೆ ಎಷ್ಟು ತೂಕ? ಒಂದು ಘನ ಅಡಿ ಭತ್ತ ಸುಮಾರು 16 ಕಿಲೊ. 60 ಸಲ 16 ಅಂದರೆ 960 ಕಿಲೊ. ಒಂದು ಟನ್ನಿಗೆ ಸ್ವಲ್ಪ ಕಡಿಮೆ. ಅದೇ ತೊಟ್ಟಿಗೆ ಹಸಿ ಮರಳು ತುಂಬಿ. ಒಂದು ಘನ ಅಡಿ ಹಸಿ ಮರಳು ಸುಮಾರು 50 ಕಿಲೊ. 60 ಸಲ 50 ಅಂದರೆ 3000 ಕಿಲೊ. ಮೂರು ಟನ್! ತೊಟ್ಟಿ ಅದೇ, ಮೇಲೆ ಕಾಣುವ ಮಟ್ಟವೂ ಅದೇ. ಭಾರ ಮಾತ್ರ ಮೂರು ಪಟ್ಟು. ಟ್ರೇಲರಿನ ಸ್ವಂತ ತೂಕ ಇನ್ನೂ ಸೇರಿಸಿಲ್ಲ. ಮುಂದೆ ಎಳೆಯುವ ಸಣ್ಣ ಟ್ರ್ಯಾಕ್ಟರ್ ಸಾಮಾನ್ಯವಾಗಿ ಒಂದು ಟನ್ನೂ ತೂಗುವುದಿಲ್ಲ.

ನಿಮ್ಮೂರ ಗೊಬ್ಬರ, ಮಣ್ಣು ಎಷ್ಟು ತೂಗುತ್ತೆ ಅಂತ ನೀವೇ ಕಂಡುಕೊಳ್ಳಬಹುದು. ಒಂದು ಬಕೆಟ್ಟಿಗೆ ಒಂದು ಲೀಟರ್ ಬಾಟಲಿಯಿಂದ 14 ಸಲ ನೀರು ಹುಯ್ಯಿರಿ. ನೀರು ನಿಂತ ಕಡೆ ಗೆರೆ ಎಳೆಯಿರಿ. ನೀರು ಚೆಲ್ಲಿ, ಆ ಗೆರೆಯವರೆಗೆ ಗೊಬ್ಬರ ತುಂಬಿ ತೂಗಿಸಿ. ಬಕೆಟ್ಟಿನ ತೂಕ ಕಳೆಯಿರಿ. ಬಂದದ್ದನ್ನು ಎರಡರಷ್ಟು ಮಾಡಿ. ಅದೇ ಒಂದು ಘನ ಅಡಿಯ ತೂಕ. ಮಳೆಗಾಲದಲ್ಲಿ ಒಂದು ಸಲ, ಬೇಸಿಗೆಯಲ್ಲಿ ಒಂದು ಸಲ ತೂಗಿ ನೋಡಿ. ಒಂದೇ ಗೊಬ್ಬರ ಒಂದೇ ತೂಕ ಬರುವುದಿಲ್ಲ.

ಟ್ರೇಲರ್ ಎಷ್ಟು ಹೊರುತ್ತೆ ಅನ್ನೋದು ಅದರ ಆರ್.ಸಿ. ಪುಸ್ತಕದಲ್ಲೇ ಸಿಗುತ್ತೆ. ಖಾಲಿ ತೂಕ, ಭರ್ತಿ ತೂಕ ಅಂತ ಎರಡು ಅಂಕಿ ಇರುತ್ತವೆ. ಭರ್ತಿ ತೂಕ 2200 ಕಿಲೊ, ಖಾಲಿ ತೂಕ 700 ಕಿಲೊ ಅನ್ನಿ. 2200ರಲ್ಲಿ 700 ಕಳೆದರೆ 1500. ಅಷ್ಟೇ ಹೇರಬಹುದು. ಟ್ರ್ಯಾಕ್ಟರ್ ಕಂಪನಿ ಕೊಟ್ಟ ಪುಸ್ತಕದಲ್ಲೂ ಎಷ್ಟು ಭಾರ ಎಳೆಯಬಹುದು ಅಂತ ಇರುತ್ತೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಮ್ಮ ಮಿತಿ. 15ರಿಂದ 20 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಒಂದರಿಂದ ಒಂದೂವರೆ ಟನ್ ಹೇರುವ ಟ್ರೇಲರ್ ಸಾಕು ಅನ್ನೋದು ನನ್ನ ಅಭಿಪ್ರಾಯ. ಕಂಪನಿ ಪುಸ್ತಕ ಬೇರೆ ಹೇಳಿದರೆ ಪುಸ್ತಕದ ಮಾತೇ ನಡೆಯಲಿ.

ಎರಡು ಚಕ್ರದ್ದೋ, ನಾಲ್ಕು ಚಕ್ರದ್ದೋ? ಸಣ್ಣ ಟ್ರ್ಯಾಕ್ಟರಿಗೆ ಎರಡು ಚಕ್ರದ್ದೇ ಸರಿ. ಬೆಲೆ ಕಡಿಮೆ. ಹಿಂದಕ್ಕೆ ತಿರುಗಿಸೋದು ಸುಲಭ. ಆದರೆ ಇದಕ್ಕೆ ಭಾರ ಹೇರೋದರಲ್ಲಿ ಒಂದು ಹದ ಉಂಟು. ಎತ್ತಿನ ಗಾಡಿ ಹೂಡಿದ ಮನೆಯವರಿಗೆ ಈ ಹದ ಹೇಳಿಕೊಡಬೇಕಾಗಿಲ್ಲ. ಗಾಡಿ ಹಿಂಭಾರ ಆದರೆ ಮೂಕಿ ಮೇಲಕ್ಕೇಳುತ್ತೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತೆ. ಮುಂಭಾರ ಆದರೆ ನೊಗ ಹೆಗಲನ್ನು ಒತ್ತುತ್ತೆ. ಟ್ರೇಲರೂ ಹಾಗೇ. ಹಿಂಭಾರ ಆದರೆ ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ನೆಲದ ಹಿಡಿತ ತಪ್ಪುತ್ತೆ. ತೀರಾ ಮುಂಭಾರ ಆದರೆ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತೆ. ಆಗ ಸ್ಟೇರಿಂಗ್ ತಿರುಗಿಸಿದರೂ ಮುಂದಿನ ಗಾಲಿ ಮಾತು ಕೇಳೋದಿಲ್ಲ. ಸ್ವಲ್ಪ ಮುಂಭಾರ ಇರಬೇಕು, ಸ್ವಲ್ಪ ಮಾತ್ರ. ಕೊಳ್ಳುವಾಗ ಟ್ರೇಲರನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಪಕ್ಕದಲ್ಲಿ ನಿಂತು ನೋಡಿ. ತೊಟ್ಟಿ ನೆಲಕ್ಕೆ ಸಮವಾಗಿ ನಿಂತಿರಬೇಕು.

ಟ್ರೇಲರನ್ನು ಟ್ರ್ಯಾಕ್ಟರಿನ ಕೆಳಗಡೆ, ಎಳೆಯುವ ಪಟ್ಟಿಗೇ ಕಟ್ಟಬೇಕು. ಮೇಲಿನ ಕೊಂಡಿಗೆ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಮುಂಗಾಲು ಎತ್ತಿ ಹಿಂದಕ್ಕೆ ಮಗುಚಬಹುದು. ಕೂತವರ ಮೇಲೇ ಬೀಳುತ್ತೆ. ಜೋಡಿಸುವ ಪಿನ್ನಿಗೆ ಕೆಳಗಡೆ ಕ್ಲಿಪ್ ಇರಬೇಕು. ಕ್ಲಿಪ್ ಕಳೆದುಹೋಯಿತು ಅಂತ ತಂತಿ ಸುತ್ತಿ, ಮೊಳೆ ಬಡಿದು ಓಡಿಸೋದನ್ನ ನೋಡಿದ್ದೇನೆ. ಹತ್ತಿಪ್ಪತ್ತು ರೂಪಾಯಿಯ ಕ್ಲಿಪ್ಪಿಗೆ ಜಿಪುಣತನ ಬೇಡ. ಜತೆಗೆ ಒಂದು ಗಟ್ಟಿ ಸರಪಳಿಯನ್ನೂ ಹಾಕಿಸಿ. ಪಿನ್ ಹಾರಿದರೆ ಸರಪಳಿ ಹಿಡಿಯುತ್ತೆ.

ಈಗ ಬ್ರೇಕಿನ ಮಾತು. ಇದನ್ನು ಎರಡು ಸಲ ಓದಿ.

ಸಣ್ಣ ಟ್ರ್ಯಾಕ್ಟರುಗಳ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗೆ ಮಾತ್ರ. ಎಡಗಾಲಿಗೆ ಒಂದು ಪೆಡಲ್, ಬಲಗಾಲಿಗೆ ಒಂದು ಪೆಡಲ್. ಹೊಲದಲ್ಲಿ ತಟ್ಟನೆ ತಿರುಗಲಿ ಅಂತ ಬೇರೆ ಬೇರೆ ಮಾಡಿದ್ದಾರೆ. ರಸ್ತೆಗೆ ಬಂದ ಮೇಲೆ ಎರಡನ್ನೂ ಕೊಂಡಿ ಹಾಕಿ ಒಂದು ಮಾಡಲೇಬೇಕು. ಇಲ್ಲದಿದ್ದರೆ ಒಂದೇ ಪೆಡಲ್ ಒತ್ತಿದಾಗ ಟ್ರ್ಯಾಕ್ಟರ್ ಒಂದು ಕಡೆಗೆ ಎಳೆದುಕೊಂಡು ಮಗುಚುತ್ತೆ. ಊರಲ್ಲಿ ಬೆಸುಗೆ ಹಾಕಿ ಮಾಡಿಕೊಡುವ ಎಷ್ಟೋ ಟ್ರೇಲರುಗಳಿಗೆ ಬ್ರೇಕೇ ಇರೋದಿಲ್ಲ. ಇಳಿಜಾರಿನಲ್ಲಿ ಮುಂದಿನದು ನಿಲ್ಲುತ್ತೆ, ಹಿಂದಿನದು ನಿಲ್ಲುವುದಿಲ್ಲ. ಎರಡು ಟನ್ ಭಾರ ಹಿಂದಿನಿಂದ ನೂಕುತ್ತೆ. ಟ್ರ್ಯಾಕ್ಟರ್ ಅಡ್ಡ ತಿರುಗಿ, ಟ್ರೇಲರ್ ಅದರ ಪಕ್ಕೆಗೆ ಗುದ್ದುತ್ತೆ.

ಆದ್ದರಿಂದ ಮಾರೋನನ್ನು ಕೇಳಿ: "ಈ ಟ್ರೇಲರಿಗೆ ಬ್ರೇಕ್ ಇದೆಯಾ? ಎಲ್ಲಿದೆ? ಹಾಕಿ ತೋರಿಸಿ." ಹೇಳಿದ ಮಾತು ಸಾಲದು. ಕಣ್ಣಾರೆ ನೋಡಿ. ಖಾಲಿ ಟ್ರೇಲರಿನಲ್ಲಿ ನೋಡಿದರೂ ಸಾಲದು, ಹತ್ತಿಪ್ಪತ್ತು ಮೂಟೆ ಹೇರಿಸಿ ನೋಡಿ. ದುಡ್ಡು ಕಡಿಮೆ ಇದ್ದರೆ ತೊಟ್ಟಿ ಸಣ್ಣದಾಗಲಿ, ಬಣ್ಣ ಸಾಧಾರಣ ಆಗಲಿ, ಬ್ರೇಕ್ ಇರಲಿ. ಬ್ರೇಕ್ ಇದ್ದರೂ ಇಳಿಜಾರು ಶುರುವಾಗೋ ಮೊದಲೇ ಸಣ್ಣ ಗೇರಿಗೆ ಹಾಕಿಕೊಳ್ಳಬೇಕು. ಡೀಸೆಲ್ ಉಳಿಯಲಿ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಚಾಲಕ ನಮ್ಮ ಸಂಘಕ್ಕೆ ಬೇಡ.

ಸರಕು ಇಳಿಸೋರು ಯಾರು ಅಂತಲೂ ಯೋಚಿಸಿ. ಬಹಳ ಸಲ ನಾವೇ. ತೊಟ್ಟಿಯ ತಳ ನೆಲದಿಂದ ಎಷ್ಟು ಎತ್ತರ ಇದೆ? ಎದೆಮಟ್ಟಕ್ಕೆ ಬಂದರೆ ಮೂಟೆ ಎತ್ತಿ ಹಾಕೋರ ಸೊಂಟ ಹೋಗುತ್ತೆ. ಸೊಂಟದ ಮಟ್ಟ ಇದ್ದರೆ ವಾಸಿ. ಹಿಂದಿನ ಬಾಗಿಲಿನ ಕೊಂಡಿಯನ್ನು ನಿಮ್ಮ ಕೈಯಿಂದಲೇ ತೆಗೆದು ನೋಡಿ. ತೊಟ್ಟಿಯನ್ನೇ ಎತ್ತಿ ಸುರಿಯುವ ಟ್ರೇಲರ್ ಸಿಗುತ್ತೆ. ಬೆಲೆ ಜಾಸ್ತಿ. ಗೊಬ್ಬರ, ಮಣ್ಣು ಹೆಚ್ಚು ಹೊಡೆಯುವವರಿಗೆ ಅದು ಲಾಭ. ಆದರೆ ಓರೆ ನೆಲದಲ್ಲಿ ಎತ್ತಬೇಡಿ, ಮೇಲೆ ಕರೆಂಟ್ ತಂತಿ ಇದ್ದರೆ ಎತ್ತಲೇಬೇಡಿ. ಎತ್ತಿದ ತೊಟ್ಟಿಯ ಕೆಳಗೆ ಯಾರೂ ತಲೆ ಹಾಕಬಾರದು.

ಹಳೆಯ ಟ್ರೇಲರ್ ಕೊಳ್ಳೋದಾದರೆ ಟೈರಿನ ಪಕ್ಕೆ ಓದಿ. 6.00-16 ಅಂತಲೋ 7.50-16 ಅಂತಲೋ ಅಳತೆ ಇರುತ್ತೆ. ಎರಡು ಕಡೆಯೂ ಒಂದೇ ಅಳತೆ ಇರಬೇಕು. ಇನ್ನೊಂದು ಕಡೆ ನಾಲ್ಕು ಅಂಕಿ ಇರುತ್ತವೆ. 2319 ಅಂತ ಇದ್ದರೆ, 2019ನೇ ಇಸವಿಯ 23ನೇ ವಾರದಲ್ಲಿ ಮಾಡಿದ ಟೈರ್ ಅಂತ ಅರ್ಥ. "ಹೊಸ ಟೈರ್ ಕಣಮ್ಮ" ಅಂತ ಮಾರೋನು ಹೇಳಿದರೆ, ಬಗ್ಗಿ ಆ ನಾಲ್ಕು ಅಂಕಿ ಓದಿ ಹೇಳಿ. ಮೂಕಿ ಹತ್ತಿರ ಬೆಸುಗೆ ಬಿಟ್ಟಿದೆಯಾ, ತಳದ ತಗಡು ತುಕ್ಕು ಹಿಡಿದಿದೆಯಾ, ಅದನ್ನೂ ನೋಡಿ. ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದಿದ್ದರೆ ಹಾಕಿಸಿ. ಕತ್ತಲಲ್ಲಿ ನಿಂತ ಟ್ರೇಲರ್ ಹಿಂದಿನಿಂದ ಬರುವ ಬೈಕಿನವರಿಗೆ ಕಾಣೋದಿಲ್ಲ.

ಟ್ರ್ಯಾಕ್ಟರಿಗೆ ಒಂದು ನಂಬರ್, ಟ್ರೇಲರಿಗೆ ಇನ್ನೊಂದು. 1988ರ ಮೋಟಾರು ವಾಹನ ಕಾಯ್ದೆಯಂತೆ ಟ್ರೇಲರಿಗೂ ನೋಂದಣಿ ಬೇಕು. ಚಾಸಿ ಮೇಲೆ ಕೊರೆದ ಸಂಖ್ಯೆಯೂ ಆರ್.ಸಿ.ಯಲ್ಲಿರುವ ಸಂಖ್ಯೆಯೂ ಒಂದೇನಾ ಅಂತ ಒಂದೊಂದೇ ಅಂಕಿ ಹಿಡಿದು ಹೋಲಿಸಿ. ಕೃಷಿ ಕೆಲಸಕ್ಕೆ ಅಂತ ನೋಂದಣಿ ಮಾಡಿಸಿ, ಬಾಡಿಗೆಗೆ ಮರಳು, ಇಟ್ಟಿಗೆ ಹೊಡೆದರೆ ಅಪಘಾತ ಆದಾಗ ವಿಮೆಯವರು ತಕರಾರು ತೆಗೆಯುತ್ತಾರೆ. ಬಾಡಿಗೆಯ ಯೋಚನೆ ಇದ್ದರೆ ಆರ್.ಟಿ.ಓ. ಕಚೇರಿಯಲ್ಲಿ ಮೊದಲೇ ಕೇಳಿ. ಸಬ್ಸಿಡಿ ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಕೊಳ್ಳುವ ಮುಂಚೆ ವಿಚಾರಿಸಿ, ಕೊಂಡ ಮೇಲಲ್ಲ.

ಆರ್.ಸಿ. ಯಾರ ಹೆಸರಿಗೆ? ಸಾಲ ತೀರಿಸೋರು ಹೆಂಗಸರು, ಗಾಡಿ ಯಾರದೋ ಗಂಡನ ಹೆಸರಿಗೆ, ಹಾಗಾಗೋದು ಉಂಟು. ಆಮೇಲೆ ಜಗಳ. ಯಾರ ಹೆಸರಿಗೆ ಮಾಡಿಸುತ್ತೇವೆ, ಬಾಡಿಗೆ ಹಣ ಹೇಗೆ ಹಂಚುತ್ತೇವೆ, ರಿಪೇರಿ ಯಾರ ಖರ್ಚು, ಇದನ್ನೆಲ್ಲ ಸಂಘದ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಎಲ್ಲರೂ ಓದಿ, ಎಲ್ಲರೂ ಸಹಿ ಮಾಡಿ.

ಇನ್ನೊಂದು ಮಾತು ನಮ್ಮ ಜೀವದ್ದು. ನಾಟಿಗೆ, ಕಳೆಗೆ ಹೋಗುವಾಗ ಇಪ್ಪತ್ತು ಮೂವತ್ತು ಹೆಂಗಸರನ್ನು ಟ್ರೇಲರಿನಲ್ಲಿ ನಿಲ್ಲಿಸಿಕೊಂಡು ಹೋಗ್ತಾರೆ. ಮದುವೆಗೂ ಹೋಗ್ತಾರೆ, ಜಾತ್ರೆಗೂ ಹೋಗ್ತಾರೆ. ಟ್ರೇಲರ್ ಸರಕಿನ ಗಾಡಿ. ಜನರನ್ನು ಕೂರಿಸೋದಕ್ಕೆ ಕಾನೂನು ಒಪ್ಪುವುದಿಲ್ಲ. ಮಗುಚಿದರೆ ಒಳಗಿದ್ದವರಿಗೆ ವಿಮೆ ಹಣ ಸಿಗೋದೇ ಕಷ್ಟ. ಮೂಟೆ ಹೇರಿದರೆ ಭಾರ ಕೆಳಗಿರುತ್ತೆ. ಜನ ನಿಂತರೆ ಭಾರ ಮೇಲಿರುತ್ತೆ, ತಿರುವಿನಲ್ಲಿ ಎಲ್ಲರೂ ಒಂದೇ ಕಡೆಗೆ ವಾಲುತ್ತಾರೆ. ಗಾಡಿ ಬೇಗ ಮಗುಚೋದು ಅದಕ್ಕೇ.

"ಮತ್ತೆ ನಾವು ಹೆಂಗೆ ಹೋಗೋದು ಮೇಡಂ? ಬಸ್ಸು ಬರೋದು ಹತ್ತು ಗಂಟೆಗೆ" ಅಂತ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು. ನ್ಯಾಯವಾದ ಪ್ರಶ್ನೆ. ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ಕೂಲಿ ಮಾತಾಡುವಾಗಲೇ ಆಟೋದ ಬಾಡಿಗೆಯನ್ನೂ ಸೇರಿಸಿ ಮಾತಾಡಿ. ಒಬ್ಬರೇ ಕೇಳಿದರೆ ಜಮೀನಿನವರು ಕೊಡೋದಿಲ್ಲ, ಗುಂಪಾಗಿ ಕೇಳಿದರೆ ಕೊಟ್ಟವರಿದ್ದಾರೆ. ನಮ್ಮದೇ ಸಂಘದ ಟ್ರೇಲರಿನಲ್ಲಿ ಜನರನ್ನು ಹತ್ತಿಸೋದಿಲ್ಲ ಅಂತ ನಾವು ಮೊದಲು ತೀರ್ಮಾನ ಮಾಡೋಣ. ಮೂಕಿಯ ಮೇಲೆ, ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸೋದೂ ಬೇಡ.

ಈಗ ನೀವೇ ಲೆಕ್ಕ ಮಾಡಿ. ಒಂದು ಟ್ರೇಲರಿನ ತೊಟ್ಟಿ 6 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಎತ್ತರ. ಆರ್.ಸಿ.ಯಲ್ಲಿ ಖಾಲಿ ತೂಕ 550 ಕಿಲೊ, ಭರ್ತಿ ತೂಕ 1750 ಕಿಲೊ. ಇದರ ತುಂಬ ಹಸಿ ಮರಳು ಹೇರಬಹುದೇ? ಇಲ್ಲವಾದರೆ ಎಷ್ಟು ಎತ್ತರದವರೆಗೆ ಹೇರಬಹುದು? ಉತ್ತರ 1 ಅಡಿ ಬಂದರೆ ನಿಮ್ಮ ಲೆಕ್ಕ ಸರಿ. ನಿಮ್ಮ ಟ್ರೇಲರಿಗೂ ಹೀಗೇ ಲೆಕ್ಕ ಹಾಕಿ. ಬಂದ ಎತ್ತರಕ್ಕೆ ತೊಟ್ಟಿಯ ಒಳಗೆ ಸುತ್ತಲೂ ಬಿಳಿ ಬಣ್ಣದ ಗೆರೆ ಎಳೆಯಿರಿ. ಗೆರೆಯ ಪಕ್ಕದಲ್ಲಿ "ಮರಳು ಇಲ್ಲಿಯವರೆಗೆ" ಅಂತ ನಿಮ್ಮ ಕೈಯಿಂದಲೇ ಬರೆಯಿರಿ.