ಸಂತಾನದ ಔಷಧಗಳ ಪರೀಕ್ಷೆ

ಪೀತಮ್‌ಪುರದ ನಮ್ಮ ವಾಚನಾಲಯದಲ್ಲಿ ಸೋದರರೊಬ್ಬರು ವೀರ್ಯವೃದ್ಧಿ ಗುಳಿಗೆಯ ಜಾಹೀರಾತು ತೋರಿಸಿ, "ಇದರಿಂದ ಮಕ್ಕಳಾಗುವುದುಂಟೇ?" ಎಂದರು. ಇಂಥದನ್ನು ವೈದ್ಯರು ಚೀಟಿ ಎತ್ತಿದಂತೆ ಜನರನ್ನು ವಿಂಗಡಿಸಿ ಪರೀಕ್ಷಿಸುತ್ತಾರೆ: ಅರ್ಧ ಜನಕ್ಕೆ ಔಷಧ, ಉಳಿದರ್ಧಕ್ಕೆ ಅದೇ ತೋರಿಕೆಯ ಸಪ್ಪೆ ಗುಳಿಗೆ. ಅಮೆರಿಕದಲ್ಲಿ 2370 ಗಂಡಸರಲ್ಲಿ ಸತು, ಫೋಲಿಕ್ ಆಮ್ಲಗಳನ್ನು ಹೀಗೆ ಪರೀಕ್ಷಿಸಿ 2020ರಲ್ಲಿ ಫಲ ಪ್ರಕಟಿಸಿದರು. ಔಷಧ ತಿಂದವರಲ್ಲಿ ನೂರಕ್ಕೆ 34 ಮಂದಿಗೆ ಮಗುವಾಯಿತು; ಸಪ್ಪೆ ಗುಳಿಗೆಯವರಲ್ಲಿ 35!

ಪರೀಕ್ಷೆಯು ಔಷಧವನ್ನು ಎತ್ತಿ ಹಿಡಿದದ್ದೂ ಉಂಟು. ಅಂಡ ಬಲಿಯಲೆಂದು ಹೆಂಗಸರಿಗೆ ಲೆಟ್ರೊಜೋಲ್ ಕೊಡುವುದನ್ನು ನಮ್ಮ ಸರ್ಕಾರ 2011ರಲ್ಲಿ ನಿಷೇಧಿಸಿತ್ತು. 2014ರಲ್ಲಿ, ಅಂಡಾಶಯದ ತೊಂದರೆಯುಳ್ಳ 750 ಸ್ತ್ರೀಯರ ಪರೀಕ್ಷೆಯಲ್ಲಿ ಅದು ಹಳೆಯ ಕ್ಲೋಮಿಫೀನನ್ನು ಮೀರಿಸಿತು. 2017ರಲ್ಲಿ ನಿಷೇಧ ತೆಗೆದರು.

ಸೋದರರ ಮನೆಯವರು ಮೂರು ಸಲ ಆಸ್ಪತ್ರೆಗೆ ಹೋಗಿಬಂದಿದ್ದಾರಂತೆ. ಇವರ ವೀರ್ಯಪರೀಕ್ಷೆ ಇನ್ನೂ ಆಗಿಲ್ಲ. ಗುಳಿಗೆಗೆ ಮೊದಲು ಅದಾಗಲಿ ಎಂದೆ.