ಚಿನ್ನ ಇದ್ದರೂ ಗಣಿ ಏಕೆ ಮುಚ್ಚಿತು?

ನಮ್ಮ ಅಕೌಂಟೆನ್ಸಿಯ ಸವಕಳಿ ಪಾಠದಲ್ಲಿ ‘ಡಿಪ್ಲೀಷನ್’ ಎಂಬ ಪದ ಒಮ್ಮೆ ಬಂದು ಹೋಗುತ್ತದೆ. ಗಣಿ, ಕ್ವಾರಿಗಳಲ್ಲಿ ಅಗೆದಷ್ಟೂ ಆಸ್ತಿ ಕರಗುತ್ತದೆ ಎಂದರ್ಥ. ಪರೀಕ್ಷೆಗೆ ಅದರ ಲೆಕ್ಕ ಬರುವುದಿಲ್ಲ ಎಂದು ನಾನೂ ಪುಟ ತಿರುಗಿಸಿದ್ದೆ. ರಜೆಯಲ್ಲಿ ಕೆ.ಜಿ.ಎಫ್.ನ ಮಾಮೂ ಮನೆಗೆ ಹೋದಾಗ ಆ ಪದ ಕಣ್ಣೆದುರೇ ನಿಂತಿತ್ತು: ತುಕ್ಕು ಹಿಡಿದ ಕಬ್ಬಿಣದ ಗೋಪುರಗಳು, ಬೀಗ ಹಾಕಿದ ಕಟ್ಟಡಗಳು, ಗುಡ್ಡದಂತೆ ಬಿದ್ದಿರುವ ಗಣಿಮಣ್ಣು. ಚಿನ್ನ ತೆಗೆಯಲು ಸೈನೈಡ್ ಬಳಸಿ ಹೊರಹಾಕಿದ ಮಣ್ಣು ಅದು. ಗಾಳಿ ಬಂದರೆ ಮನೆಯೊಳಗೂ ಧೂಳು.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂದದ್ದೂ ಈ ಗಣಿಗಾಗಿಯೇ. ಸುಮಾರು 120 ವರ್ಷಗಳಲ್ಲಿ 800 ಟನ್‌ಗೂ ಹೆಚ್ಚು ಚಿನ್ನ ಸಿಕ್ಕಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಚಿನ್ನ ಮುಗಿದಿತ್ತೇ? ಇಲ್ಲ. ಲೆಕ್ಕ ಮಾಡಿ ನೋಡೋಣ. ನನ್ನ ದಾದಿಯ ಒಂದು ಬಳೆ 12 ಗ್ರಾಂ. ಆರಂಭದ ವರ್ಷಗಳಲ್ಲಿ ಒಂದು ಟನ್ ಅದಿರಿನಲ್ಲಿ ಸುಮಾರು 47 ಗ್ರಾಂ ಚಿನ್ನವಿತ್ತು. ಆ ಬಳೆಗೆ ಕಾಲು ಟನ್ ಕಲ್ಲು ಸಾಕಿತ್ತು. ಕೊನೆಕೊನೆಗೆ ಟನ್ನಿಗೆ ಸುಮಾರು 3 ಗ್ರಾಂ. ಅದೇ ಬಳೆಗೆ 4 ಟನ್ ಕಲ್ಲು! ಚಾಂಪಿಯನ್ ರೀಫ್ ಗಣಿಯಂತೂ 3 ಕಿಲೋಮೀಟರ್‌ಗೂ ಹೆಚ್ಚು ಆಳ. ಅಲ್ಲಿ ಬಂಡೆಯೇ ಬಿಸಿ, ತಂಪು ಗಾಳಿಯನ್ನು ಮೇಲಿನಿಂದ ಕಳಿಸಬೇಕು, ನೀರನ್ನು ಪಂಪ್ ಮಾಡುತ್ತಲೇ ಇರಬೇಕು. ಆಗ ಚಿನ್ನದ ಬೆಲೆ ಔನ್ಸಿಗೆ, ಅಂದರೆ ಸುಮಾರು 31 ಗ್ರಾಂಗೆ, 300 ಡಾಲರ್ ಕೂಡ ಇರಲಿಲ್ಲ. ತೆಗೆಯುವ ಖರ್ಚು ಮಾರುವ ಬೆಲೆಯನ್ನು ದಾಟಿತ್ತು. ಅರ್ಥಶಾಸ್ತ್ರದಲ್ಲಿ ನಾವು ಓದುವ ‘ಶಟ್ ಡೌನ್ ಪಾಯಿಂಟ್’ ಇದೇ.

ಈಗ ಬೆಲೆ ಹಲವು ಪಟ್ಟು ಏರಿದೆಯಲ್ಲ, ಮತ್ತೆ ತೆರೆಯಬಾರದೇ ಎಂದು ಮಾಮೂನನ್ನು ಕೇಳಿದೆ. "ಪಂಪ್ ನಿಂತ ಮೇಲೆ ಕೆಳಗೆಲ್ಲ ನೀರು ತುಂಬಿದೆ ಬೇಟಾ" ಎಂದರು. ಬೀಗ ತೆಗೆದರೆ ಸಾಕಾಗುವ ಅಂಗಡಿಯಲ್ಲ ಅದು. ನೀರು ತೆಗೆಯಲು, ಸುರಂಗ ಭದ್ರಪಡಿಸಲು ಮೊದಲೇ ದೊಡ್ಡ ಬಂಡವಾಳ ಬೇಕು. (ಹಳೆಯ ಗಣಿಬಾವಿಗಳ ಹತ್ತಿರ ಫೋಟೋಗೆಂದು ಹೋಗಬೇಡಿ. ನನಗೂ ಬೈಗುಳ ಬಿದ್ದಿದೆ.)

ಕೆ.ಜಿ.ಎಫ್. ಅನ್ನು ಕೆಲವರು ಹಾಳೂರು ಎನ್ನುತ್ತಾರೆ. ನನಗೆ ಅದು ಸರಿ ಕಾಣಲಿಲ್ಲ. ಯಂತ್ರವನ್ನು ಲೆಕ್ಕದ ಪುಸ್ತಕದಿಂದ ತೆಗೆದುಹಾಕಬಹುದು, ಮನುಷ್ಯರನ್ನು ಯಾವ ಖಾತೆಗೆ ಬರೆಯುವುದು? ಮಾಮೂ ಪಕ್ಕದ ಮನೆಯ ತಾತ ಗಣಿಯೊಳಗೆ ದುಡಿದವರು. ಅವರ ಮಗ ಬೆಳಗಿನ ಜಾವ ಎದ್ದು, ಊಟದ ಡಬ್ಬಿ ಹಿಡಿದು, ಮಾರಿಕುಪ್ಪಂನಿಂದ ಬೆಂಗಳೂರಿನ ರೈಲು ಹತ್ತುತ್ತಾರೆ. ಅವರೊಂದಿಗೆ ಆ ರೈಲಿನ ತುಂಬ ಅದೇ ಊರಿನ ಜನ. ರಾತ್ರಿ ಅದೇ ರೈಲು ಅವರನ್ನು ಮತ್ತೆ ಅಲ್ಲಿಗೇ ತರುತ್ತದೆ.